ಕೋಳಿ ಲೆಗ್ ಪೀಸ್: ಹೊರಗೆ ಕರಕಲು, ಮೂಳೆ ಪಕ್ಕ ಹಸಿ. ಎಲ್ಲಿ, ಎಷ್ಟು ಆಳ ಕೊಯ್ಯಬೇಕು?

ಒಲೆಮುಂದೆ

ಎಂಟು ಲೆಗ್ ಪೀಸ್, ಒಟ್ಟು ಒಂದು ಕೆಜಿ ಹತ್ತಿರ, ಚರ್ಮ ಸಮೇತ. ತೊಡೆ ಇಲ್ಲ, ಮಂಡಿಯಿಂದ ಕೆಳಗಿನ ಭಾಗ ಮಾತ್ರ. ಫ್ರೀಜರ್‌ನಿಂದ ಬೆಳಿಗ್ಗೆ ತೆಗೆದದ್ದು, ಮಧ್ಯಾಹ್ನ ಮಸಾಲೆ ಹಚ್ಚಿ ಓವನ್‌ಗೆ, 230 ಡಿಗ್ರಿ, 25 ನಿಮಿಷ. ಮೇಲಿನ ಮಸಾಲೆ ಕಪ್ಪಾಗಿದೆ, ಸಣ್ಣ ತುದಿಯ ಮಾಂಸ ಒಣಗಿ ನಾರಾಗಿದೆ, ದಪ್ಪ ತುದಿ ಕಚ್ಚಿದರೆ ಮೂಳೆ ಪಕ್ಕ ಇನ್ನೂ ಹಸಿ, ಎಳೆದರೂ ಬಿಡ್ತಿಲ್ಲ. ಪ್ರತಿ ಪೀಸಿಗೂ ಮೂರು ಗೀರು ಹಾಕಿತ್ತು, ಅರ್ಧ ಸೆಂಟಿಮೀಟರ್ ಆಳ ಇರಬಹುದು. ಗೀರು ಎಷ್ಟು ಆಳ ಇರಬೇಕು, ಯಾವ ಕಡೆಗೆ? ಪೂರ್ತಿ ಸೀಳಿಬಿಡೋದು ಒಳ್ಳೆಯದಾ?

ಹರಿತಚಾಕು

ಅರ್ಧ ಸೆಂಟಿಮೀಟರ್ ಗೀರು ಮಸಾಲೆ ಹಿಡಿಯೋಕೆ ಸಾಕು, ಬೇಯೋ ವಿಷಯದಲ್ಲಿ ಅದು ಇದ್ದೂ ಇಲ್ಲದ ಹಾಗೆ. ಲೆಗ್ ಪೀಸಿನ ದಪ್ಪ ತುದಿ 4–5 ಸೆಂಟಿಮೀಟರ್ ಅಡ್ಡಗಲ ಇದ್ದರೆ ಸಣ್ಣ ತುದಿ 2 ಇರುತ್ತೆ. ದಪ್ಪ ಎರಡರಷ್ಟಾದರೆ ಒಳಗಿನ ತನಕ ಬಿಸಿ ಇಳಿಯೋಕೆ ಹೆಚ್ಚುಕಡಿಮೆ ನಾಲ್ಕರಷ್ಟು ಹೊತ್ತು ಬೇಕು. ಅಂದರೆ ನೀವು ಬೇಯಿಸ್ತಿರೋದು ಒಂದು ತುಂಡಲ್ಲ, ಬೇರೆ ಬೇರೆ ಸಮಯ ಕೇಳೋ ಎರಡು ತುಂಡು, ಒಂದೇ ಮೂಳೆಗೆ ಅಂಟಿಕೊಂಡಿವೆ ಅಷ್ಟೇ.

ಕೊಯ್ಯೋ ಮೊದಲು ಹೆಬ್ಬೆರಳಲ್ಲಿ ಸುತ್ತಲೂ ಒತ್ತಿ ನೋಡಿ. ಒಂದು ಕಡೆ ಚರ್ಮದ ಕೆಳಗೇ ಮೂಳೆ ಸಿಗುತ್ತೆ. ಅದರ ಎದುರು ಕಡೆ ಮೀನಖಂಡ ಉಬ್ಬಿಕೊಂಡಿರುತ್ತೆ. ಗೀರು ಬೇಕಿರೋದು ಈ ಉಬ್ಬಿದ ಕಡೆಗೆ. ಮೇಲಿನ ಕೀಲಿನಿಂದ 2 ಸೆಂಟಿಮೀಟರ್ ಬಿಟ್ಟು ಮೊದಲನೆಯದು, ಅಲ್ಲಿಂದ ಇನ್ನೊಂದು 2 ಸೆಂಟಿಮೀಟರ್ ಕೆಳಗೆ ಎರಡನೆಯದು. ಎರಡೂ ಅಡ್ಡಕ್ಕೆ, ಸ್ವಲ್ಪ ಓರೆಯಾಗಿ. ಚಾಕುವಿನ ಮೊನೆ ಮೂಳೆಗೆ ಟಕ್ ಅಂತ ತಾಗಲೇಬೇಕು, ಕೈಗೆ ಗೊತ್ತಾಗುತ್ತೆ. ತಾಗಲಿಲ್ಲ ಅಂದರೆ ಗೀರು ಅರ್ಧಕ್ಕೇ ನಿಂತಿದೆ. ಮೂರನೆಯ ಗೀರು ಪಕ್ಕದಲ್ಲಿ, ಆ ಎರಡರ ನಡುವಿನ ಎತ್ತರಕ್ಕೆ ಬರೋ ಹಾಗೆ ಹಾಕಿ. ಎದುರುಬದುರು ಒಂದೇ ಎತ್ತರದಲ್ಲಿ ಹಾಕಿದರೆ ಬೆಂದ ಮೇಲೆ ಮಾಂಸ ಅಲ್ಲೇ ತುಂಡಾಗಿ ಕಳಚಿಕೊಳ್ಳುತ್ತೆ.

ಕೆಳಗಿನ ಮೂರನೇ ಒಂದು ಭಾಗ ಮುಟ್ಟಬೇಡಿ. ಮೇಲಿಂದ ಕೆಳಗೆ ಸಮ ಅಂತರದಲ್ಲಿ ಗೀರು ಹಾಕೋರೇ ಜಾಸ್ತಿ, ನೋಡೋಕೂ ಚೆಂದ. ಆದರೆ ಮೊದಲೇ ಬೇಗ ಬೇಯೋ ತುದಿಯನ್ನು ಇನ್ನೂ ಬೇಗ ಬೇಯಿಸಿ ಒಣಗಿಸಿದ ಹಾಗಾಗುತ್ತೆ. ನಿಮ್ಮ ಸಣ್ಣ ತುದಿ ನಾರಾಗಿದ್ದರಲ್ಲಿ ಅದರ ಪಾಲೂ ಇದೆ.

ಚರ್ಮ ಜಾರೋದಕ್ಕೆ ಒಂದು ಮಾತು: ಪೀಸನ್ನು ಕಾಗದದ ಟವೆಲ್‌ನಿಂದ ಒತ್ತಿ ಒರೆಸಿ, ಸಣ್ಣ ತುದಿಯನ್ನು ಇನ್ನೊಂದು ಒಣ ಕಾಗದದಲ್ಲಿ ಹಿಡಿಯಿರಿ. ಮೊದಲು ಮೊನೆಯಿಂದ ಚರ್ಮ ಮಾತ್ರ ಚುಚ್ಚಿ, ಆಮೇಲೆ ಅಲಗು ಎಳೆಯಿರಿ. ಹಲಗೆ ಕೆಳಗೆ ಒದ್ದೆ ಬಟ್ಟೆ ಹಾಸಿ, ಆಗ ಹಲಗೆ ಜಾರಲ್ಲ. ನಲ್ಲಿ ಕೆಳಗೆ ತೊಳೆಯೋದು ಬೇಡವೇ ಬೇಡ. ಕೊಳೆ ಹೋಗೋದಕ್ಕಿಂತ ಹಸಿ ಕೋಳಿಯ ರೋಗಾಣು ಸಿಂಕು, ಪಾತ್ರೆಗೆಲ್ಲ ಸಿಡಿಯೋದೇ ಹೆಚ್ಚು.

ಕೀಲುಗೆಣ್ಣು

ಓವನ್ ಅಥವಾ ಕೆಂಡದ ಮೇಲೆ ಮಾಡೋದಾದರೆ ಗೀರಿಗಿಂತ ಸೀಳೋದು ಮೇಲು. ಎಂಟು ಪೀಸಿಗೆ ಹತ್ತು ನಿಮಿಷದ ಕೆಲಸ. ಅಲಗು 12–15 ಸೆಂಟಿಮೀಟರ್ ಇರೋ ಸಪೂರ ಚಾಕು ಸಾಕು.

ಹರಿತಚಾಕು ಹೇಳಿದ ಹಾಗೆ ಮೂಳೆ ಚರ್ಮದ ಹತ್ತಿರ ಇರೋ ಕಡೆಯನ್ನು ಹುಡುಕಿ, ಅದನ್ನು ಮೇಲಕ್ಕೆ ಮಾಡಿ ಮಲಗಿಸಿ. ದಪ್ಪ ತುದಿಯ ಕೀಲಿನಿಂದ ಸಣ್ಣ ತುದಿ ತನಕ ಮೂಳೆಯ ಮೇಲೇ ಒಂದು ನೇರ ಗೆರೆ ಎಳೆಯಿರಿ. ಆಮೇಲೆ ಅಲಗನ್ನು ಮೂಳೆಗೆ ಒರಗಿಸಿ, ಒಂದೊಂದು ಕಡೆಗೂ ಸಣ್ಣಸಣ್ಣದಾಗಿ ಕೆರೆಯುತ್ತಾ ಮಾಂಸ ಬಿಡಿಸುತ್ತಾ ಹೋಗಿ. ಮೂಳೆಯ ಬೆನ್ನಿಗೆ ಮಾತ್ರ ಮಾಂಸ ಅಂಟಿಕೊಂಡಿರಲಿ. ಪುಸ್ತಕದ ಹಾಗೆ ಬಿಚ್ಚಿಕೊಳ್ಳುತ್ತೆ. ಅಂಗೈಯಿಂದ ಒತ್ತಿದರೆ ಎಲ್ಲ ಕಡೆ 2 ಸೆಂಟಿಮೀಟರ್ ಹತ್ತಿರ ದಪ್ಪ ಬರಬೇಕು. ಎಲ್ಲಾದರೂ ಗುಡ್ಡೆ ಉಳಿದಿದ್ದರೆ ಅಲ್ಲಿಗೆ ಒಳಗಡೆಯಿಂದ ಒಂದು ಗೀರು. ಚರ್ಮ ಮಾತ್ರ ಕೊಯ್ಯದೆ ಇಡೀ ಇರಲಿ.

ಸೀಳುವಾಗ ದೊಡ್ಡ ಮೂಳೆಯ ಪಕ್ಕ ಸೂಜಿಯಂಥ ಸಣ್ಣ ಮೂಳೆಯೊಂದು ಸಿಗುತ್ತೆ. ಮಂಡಿ ಕಡೆ ಅಗಲ, ಕೆಳಗೆ ಹೋದಂತೆ ಚೂಪು. ಚಾಕು ಇದರ ಕೆಳಗೆ ಸಿಕ್ಕಿಬಿದ್ದರೆ ಬಲವಂತ ಮಾಡಬೇಡಿ, ಮುರಿದು ಮಾಂಸದೊಳಗೆ ಉಳಿಯುತ್ತೆ. ಚೂಪು ತುದಿ ಬಿಡಿಸಿ ಮೇಲಕ್ಕೆತ್ತಿ, ಮಂಡಿ ಹತ್ತಿರ ಕತ್ತರಿಯಲ್ಲಿ ಕತ್ತರಿಸಿ ತೆಗೆಯಿರಿ. ಮಕ್ಕಳು ತಿನ್ನೋ ಪೀಸಿಗಂತೂ ಇದನ್ನು ಬಿಡಲೇಬಾರದು.

ಇನ್ನು ಸಣ್ಣ ತುದಿಯ ಬಿಳಿ ನರಗಳು. ನರ ಅಂತಾರೆ, ನಿಜಕ್ಕೂ ಸ್ನಾಯುವನ್ನು ಮೂಳೆಗೆ ಕಟ್ಟೋ ಹಗ್ಗ. ಬಿಸಿ 60 ಡಿಗ್ರಿ ದಾಟುತ್ತಿದ್ದಂತೆ ಇವು ಕುಗ್ಗಿ ಮಾಂಸವನ್ನು ಎಳೆಯುತ್ತವೆ, ಸೀಳಿದ ಪೀಸು ಮತ್ತೆ ಮುದುಡಿಕೊಳ್ಳೋಕೆ ಇದೂ ಕಾರಣ. ತುದಿಯ ಗೆಣ್ಣಿನಿಂದ 2 ಸೆಂಟಿಮೀಟರ್ ಮೇಲೆ, ಸೀಳಿನ ಒಳಗಡೆಯಿಂದಲೇ ಇವನ್ನು ಕತ್ತರಿಸಿಬಿಡಿ. ಪೂರ್ತಿ ತೆಗೀಬೇಕು ಅಂದರೆ ಚೊಕ್ಕಟವಾದ ಇಕ್ಕಳದಿಂದ ತುದಿ ಹಿಡಿದು, ಚಾಕುವಿನ ಬೆನ್ನಿಂದ ಮಾಂಸವನ್ನು ಒತ್ತಿಹಿಡಿದು ಎಳೆದರೆ ಉದ್ದಕ್ಕೂ ಬರುತ್ತವೆ.

ಹೀಗೆ ಸೀಳಿದ್ದಕ್ಕೆ 220 ಡಿಗ್ರಿಯಲ್ಲಿ 22–25 ನಿಮಿಷ, ಚರ್ಮ ಮೇಲೆ ಬರೋ ಹಾಗೆ, ಜಾಲರಿಯ ಮೇಲೆ. ಟ್ರೇಗೆ ನೇರ ಇಟ್ಟರೆ ಕೆಳಭಾಗ ತನ್ನದೇ ನೀರಲ್ಲಿ ಬೆಂದು ಮೆತ್ತಗಾಗುತ್ತೆ.

ಒಲೆಮುಂದೆ

ಎರಡೂ ಅರ್ಥ ಆಯ್ತು. ಹಾಗಾದರೆ ಲಾಲಿಪಾಪ್ ಥರ ಮಾಡ್ತಾರಲ್ಲ, ಸಣ್ಣ ತುದಿಯಲ್ಲಿ ಸುತ್ತ ಕೊಯ್ದು ಮಾಂಸ ಮೇಲಕ್ಕೆ ಸರಿಸೋದು, ಒಣಗೋ ಭಾಗವೇ ಇರಲ್ಲ. ಅದು ಇನ್ನೂ ಸುಲಭ ಅಲ್ವಾ? ಇನ್ನೊಂದು, ಗುಲಾಬಿ ಬಣ್ಣ ಕಂಡರೆ ಬೆಂದಿಲ್ಲ ಅಂತಲೇ ಲೆಕ್ಕವಾ?

ಸಣ್ಣಉರಿ

ಲಾಲಿಪಾಪ್ ಬಗ್ಗೆ ಎಲ್ಲರೂ ತಪ್ಪು ತಿಳಿದಿರೋದು ಇಲ್ಲೇ. ಸುತ್ತ ಕೊಯ್ದರೆ ಒಣಗೋ ತುದಿ ಹೋಗುತ್ತೆ, ನಿಜ. ಆದರೆ ಆ ಮಾಂಸವೆಲ್ಲ ಮೇಲೆ ಹೋಗಿ ಉಂಡೆಯಾಗುತ್ತೆ, ಮೊದಲೇ ದಪ್ಪ ಇದ್ದದ್ದು ಇನ್ನೂ ದಪ್ಪ. ಇಡೀ ಪೀಸಿಗಿಂತ 5–10 ನಿಮಿಷ ಜಾಸ್ತಿಯೇ ಬೇಕು, ಅದೂ ಕಮ್ಮಿ ಉರಿಯಲ್ಲಿ. ಬೋಳು ಮೂಳೆ ಕಪ್ಪಾಗದಿರಲಿ ಅಂತ ಫಾಯಿಲ್ ಸುತ್ತಬೇಕು. ಸಮವಾಗಿ ಬೇಯುತ್ತೆ, ಬೇಗ ಬೇಯಲ್ಲ.

ಬಣ್ಣ ನಂಬಬೇಡಿ. ಎಳೆ ಕೋಳಿಯ ಮೂಳೆಯಲ್ಲಿ ಸಣ್ಣ ರಂಧ್ರಗಳಿರುತ್ತವೆ. ಫ್ರೀಜರ್‌ನಲ್ಲಿಟ್ಟು ಕರಗಿಸಿದಾಗ ಮಜ್ಜೆಯ ಕೆಂಪು ಅದರಿಂದ ಹೊರಬಂದು ಪಕ್ಕದ ಮಾಂಸಕ್ಕೆ ಇಳಿಯುತ್ತೆ, ಬೆಂದ ಮೇಲೂ ಕೆಂಪಾಗಿ ಇಲ್ಲಾ ಕಂದಾಗಿ ಉಳಿಯಬಹುದು. ಥರ್ಮಾಮೀಟರ್ ಹೇಳಿದ್ದೇ ಲೆಕ್ಕ. ಕಡ್ಡಿಯನ್ನು ದಪ್ಪ ತುದಿಯಲ್ಲಿ, ಮೂಳೆಗೆ ಸಮಾನಾಂತರವಾಗಿ, ಮೂಳೆ ಮುಟ್ಟದ ಹಾಗೆ ಇಳಿಸಿ. ಮೂಳೆಗೆ ತಾಗಿದರೆ ಸಂಖ್ಯೆ ದಾರಿ ತಪ್ಪಿಸುತ್ತೆ. 74 ಡಿಗ್ರಿ ಬಂದರೆ ಸುರಕ್ಷಿತ. ಆದರೆ ಕಾಲಿನ ಮಾಂಸ 74ಕ್ಕೆ ಇನ್ನೂ ರಬ್ಬರ್, ಮೂಳೆ ಬಿಡೋದೇ ಇಲ್ಲ. ಒಳಗಿನ ಗಟ್ಟಿ ಎಳೆಗಳು ಕರಗಿ ಮೆತ್ತಗಾಗೋಕೆ 82–85 ಬೇಕು. ಎದೆ ಮಾಂಸ ಆ ಬಿಸಿಗೆ ಮರದ ಪುಡಿಯಾಗುತ್ತೆ, ಕಾಲು ಆಗಲ್ಲ. ಆದ್ದರಿಂದ ಎಳೆದರೆ ಬಿಡಲ್ಲ ಅನ್ನೋ ದೂರಿಗೆ ಕೊಯ್ಯೋದೊಂದೇ ಮದ್ದಲ್ಲ, ಇನ್ನೂ 10 ಡಿಗ್ರಿ ಏರಿಸಬೇಕು.

ಹಾಗೆ ನೋಡಿದರೆ ನಿಮ್ಮ ಕೇಸಲ್ಲಿ ಚಾಕು ಎರಡನೇ ಮಾತು. 230 ಡಿಗ್ರಿ ಇಡೀ ಪೀಸಿಗೆ ಅತಿಯಾಯ್ತು. ಅದಕ್ಕಿಂತ ಮೊದಲು, ಬೆಳಿಗ್ಗೆ ಫ್ರೀಜರ್‌ನಿಂದ ತೆಗೆದದ್ದು ಮಧ್ಯಾಹ್ನಕ್ಕೆ ಹೊರಗೆ ಮೆತ್ತಗಾಗಿರುತ್ತೆ, ಮೂಳೆ ಸುತ್ತ ಮಂಜು ಹಾಗೇ ಇರಬಹುದು. ಫ್ರಿಜ್‌ನ ಕೆಳಗಿನ ತಟ್ಟೆಯಲ್ಲಿ ಪೂರ್ತಿ ಒಂದು ದಿನ ಕರಗಬೇಕು. ಅವಸರ ಇದ್ದರೆ ನೀರು ಹೋಗದ ಚೀಲದಲ್ಲಿ ಕಟ್ಟಿ ತಣ್ಣೀರಲ್ಲಿ ಮುಳುಗಿಸಿ, ಅರ್ಧ ಗಂಟೆಗೊಮ್ಮೆ ನೀರು ಬದಲಿಸಿ. ಕರಗಿದೆಯಾ ಅಂತ ನೋಡೋಕೆ ಗೆಣ್ಣು ಮತ್ತು ಮಂಡಿ ತುದಿ ಹಿಡಿದು ಹಿಂಡಿ, ನಡುವೆ ಗಟ್ಟಿ ಸಿಕ್ಕರೆ ಇನ್ನೂ ಹೊತ್ತಿದೆ. ಇದು ಸರಿಹೋದರೆ ಗೀರಿಲ್ಲದ ಪೀಸು ಕೂಡ 200 ಡಿಗ್ರಿಯಲ್ಲಿ 40–45 ನಿಮಿಷಕ್ಕೆ ಚೆನ್ನಾಗಿ ಬೇಯುತ್ತೆ. ಗೀರು ಹಾಕಿದರೆ ರಸ ಸೋರಿ ಹೋಗುತ್ತೆ, ಬೇಡ ಅನ್ನೋದು ನನ್ನ ಮತ.

ಹರಿತಚಾಕು

ಕರಗಿಸೋದರ ಬಗ್ಗೆ ಹೇಳಿದ್ದು ಸರಿ, ಪ್ರಶ್ನೆಯಲ್ಲಿ ಆ ಸಾಲು ನನ್ನ ಕಣ್ಣಿಗೆ ಬೀಳಲಿಲ್ಲ. ರಸದ ವಿಷಯ ಒಪ್ಪಲ್ಲ. ಗೀರಿಗಿಂತ ಹೆಚ್ಚು ರಸ ಹೋಗೋದು ಒಲೆಯ ಮೇಲೆ ಅತಿ ಹೊತ್ತು ಇಟ್ಟಾಗ. ಗೀರು ಆ ಹೊತ್ತನ್ನೇ 5–8 ನಿಮಿಷ ಕಡಿಮೆ ಮಾಡುತ್ತೆ, ಅದೂ ಅಲ್ಲದೆ ಉಪ್ಪು ಒಳಗೆ ಹೋಗೋಕೆ ದಾರಿ ಕೊಡುತ್ತೆ. ಕೆಜಿಗೆ 10–12 ಗ್ರಾಂ ಪುಡಿ ಉಪ್ಪು, ಅಂದರೆ ಮಟ್ಟಸವಾಗಿ ಎರಡು ಟೀಚಮಚ. ಅರ್ಧವನ್ನು ಗೀರುಗಳ ಒಳಗೆ ಬೆರಳಿಂದ ತಿಕ್ಕಿ, ಉಳಿದದ್ದು ಮೇಲೆ. ಹಿಂದಿನ ರಾತ್ರಿಯೇ ಹಚ್ಚಿ ಮುಚ್ಚದೆ ಫ್ರಿಜ್‌ನಲ್ಲಿಟ್ಟರೆ ಚರ್ಮ ಒಣಗಿ ಗರಿಯಾಗಿ ಬೇಯುತ್ತೆ. ನಿಂಬೆರಸ, ವಿನೆಗರ್ ಮಾತ್ರ ರಾತ್ರಿಯಿಡೀ ಬೇಡ, ಆಳ ಗೀರಿರೋ ಪೀಸಲ್ಲಿ ಅಂಚು ಹಿಟ್ಟುಹಿಟ್ಟಾಗುತ್ತೆ. ಬೇಯಿಸೋ ಅರ್ಧ ಗಂಟೆ ಮೊದಲು ಸಾಕು.

ಮಸಾಲೆ ಕಪ್ಪಾಗೋದಕ್ಕೂ ಇಲ್ಲೇ ದಾರಿ ಇದೆ. ಅರೆದ ಮಸಾಲೆಯ ಬಹುಪಾಲು ಗೀರಿನೊಳಗೆ ತುಂಬಿ, ಮೇಲೆ ತೆಳ್ಳಗೆ ಸವರಿ. ಸಕ್ಕರೆ, ಬೆಲ್ಲ, ಜೇನು ಏನಿದ್ದರೂ ಕೊನೆಯ 5–8 ನಿಮಿಷಕ್ಕೆ.

ಟ್ರೇಯಲ್ಲಿ ಜೋಡಿಸುವಾಗ ದಪ್ಪ ತುದಿ ಅಂಚಿಗೆ, ಸಣ್ಣ ತುದಿ ಮಧ್ಯಕ್ಕೆ. ಕೆಂಡದ ಮೇಲಾದರೆ ದಪ್ಪ ತುದಿ ಕೆಂಡದ ಕಡೆ, ಸಣ್ಣ ತುದಿ ತಣ್ಣಗಿರೋ ಕಡೆ. ಪೀಸುಗಳನ್ನು ತೂಗಿ ನೋಡಿ, 100 ಗ್ರಾಂನದೂ 150 ಗ್ರಾಂನದೂ ಒಟ್ಟಿಗೆ ಇದ್ದರೆ ದೊಡ್ಡವನ್ನು 7–8 ನಿಮಿಷ ಮೊದಲು ಒಳಗಿಡಿ.

ಕೀಲುಗೆಣ್ಣು

ಗ್ರೇವಿಗೆ ಹಾಕೋರಿಗೆ ಬೇರೆ ಲೆಕ್ಕ. ಅಡ್ಡ ಗೀರು ಬೇಡ, 35–40 ನಿಮಿಷ ಕುದ್ದರೆ ಮಾಂಸ ಚೂರಾಗಿ ಮೂಳೆ ಬೋಳಾಗುತ್ತೆ. ಮೂಳೆಗುಂಟ ಉದ್ದಕ್ಕೆ ಒಂದೇ ಸೀಳು ಸಾಕು, ಬಿಚ್ಚೋದು ಬೇಡ. ನಡುವೆ ಎರಡು ತುಂಡು ಮಾಡಬೇಕು ಅಂದರೆ ಮೂಳೆಯನ್ನು ಅಡುಗೆ ಚಾಕುವಿನಿಂದ ಕುಟ್ಟಬೇಡಿ, ಸಿಬಿರು ಏಳುತ್ತೆ, ಅಲಗೂ ಹೋಗುತ್ತೆ. ಮಾಂಸವನ್ನು ಮೂಳೆ ತನಕ ಸುತ್ತ ಕೊಯ್ದು, ಭಾರದ ಕತ್ತಿಯಿಂದ ಒಂದೇ ಏಟು. ಎರಡನೇ ಏಟು ಅದೇ ಜಾಗಕ್ಕೆ ಬೀಳೋದು ಅಪರೂಪ, ಚೂರುಗಳು ಹುಟ್ಟೋದೇ ಅಲ್ಲಿಂದ. ಆಮೇಲೆ ಕೊಯ್ದ ಮುಖದ ಮೇಲೆ ಬೆರಳಾಡಿಸಿ ಚೂರು ಹುಡುಕಿ.

ಸಣ್ಣಉರಿ

ಎಣ್ಣೆಯಲ್ಲಿ ಕರಿಯೋದಾದರೆ ಗೀರು ಬೇಕು, ಅಷ್ಟನ್ನು ಒಪ್ಪುತ್ತೇನೆ. ಎಣ್ಣೆ 160 ಡಿಗ್ರಿ, ಒಮ್ಮೆಗೆ ಮೂರು ನಾಲ್ಕು ಪೀಸು, ಜಾಸ್ತಿ ಹಾಕಿದರೆ ಎಣ್ಣೆ ತಣ್ಣಗಾಗಿ ಚರ್ಮ ಎಣ್ಣೆ ಕುಡಿಯುತ್ತೆ. ಗೀರಿದ್ದರೆ 10–12 ನಿಮಿಷ, ಇಲ್ಲದಿದ್ದರೆ 14–15. ಒಳಗೆ ಬಿಸಿ ಬಂದ ಮೇಲೆ ತೆಗೆದು, ಎಣ್ಣೆಯನ್ನು 180ಕ್ಕೆ ಏರಿಸಿ ಇನ್ನೆರಡು ನಿಮಿಷ.

ಮೊದಲೇ ಅರ್ಧ ಬೇಯಿಸಿ ಇಟ್ಟುಕೊಳ್ಳೋ ಅಭ್ಯಾಸ ಇರೋರು ಗಮನಿಸಿ: ಹಬೆಯಲ್ಲೋ ನೀರಲ್ಲೋ ಬೇಯಿಸಿದ್ದನ್ನು ಅಲ್ಲಿಂದ ನೇರವಾಗಿ ಕೆಂಡಕ್ಕೆ ಅಥವಾ ಎಣ್ಣೆಗೆ ಹಾಕಬೇಕು. ಅರೆಬೆಂದದ್ದನ್ನು ತಣಿಸಿ ಸಂಜೆಗೆ ಅಂತ ಇಟ್ಟರೆ ರೋಗಾಣು ಬೆಳೆಯೋಕೆ ಬೆಚ್ಚಗಿನ ಜಾಗ ಮಾಡಿಕೊಟ್ಟ ಹಾಗೆ.