ಕಪ್ಪು ಮೊಲಿ ಮೀನು ಉಪ್ಪುನೀರಿಗೆ ಬಿಟ್ಟೆ, ಎರಡು ಸತ್ತುಹೋದವು. ಉಳಿದವನ್ನ ಹೆಂಗ ರೂಢಿ ಮಾಡಿಸ್ಲಿ?

ಗಂಗಾವತಿ_ಮೊಲಿ:
ಎಲ್ಲರಿಗೂ ನಮಸ್ಕಾರ್ರಿ. ಮನ್ಯಾಗ ಎರಡು ಫೂಟಿನ ಟ್ಯಾಂಕ್ ಐತಿ, ಸುಮಾರು 50 ಲೀಟರ್, ಅದರಾಗ ಎಂಟು ಕಪ್ಪು ಮೊಲಿ ಇದ್ದವು. ಹೊಸದಾಗಿ ಒಂದು ಮರೈನ್ ಟ್ಯಾಂಕ್, ಅಂದ್ರ ಸಮುದ್ರದಂಥ ಉಪ್ಪುನೀರಿಂದು, ರೆಡಿ ಮಾಡೀನಿ, ಗಾಜಿಗೆಲ್ಲ ಪಾಚಿ ಹಿಡಿಯಾಕತ್ತೈತಿ, ಮೊಲಿ ಉಪ್ಪುನೀರಾಗೂ ಇರ್ತಾವ ಪಾಚಿ ತಿಂತಾವ ಅಂತ ಅಂಗಡ್ಯಾಗ ಹೇಳಿದ್ರು. ಎರಡು ಮೊಲಿ ಕವರ್‌ನಾಗ ಹಾಕಿ ಅರ್ಧ ತಾಸು ಮರೈನ್ ನೀರಿನ ಮ್ಯಾಲೆ ತೇಲಿಸಿ ಬಿಟ್ಟೆ. ರಾತ್ರಿ ಒಂದು ತಳಕ್ಕ ಬಿತ್ತು, ಮುಂಜಾನಿ ಎದ್ದು ನೋಡಿದ್ರ ಎರಡೂ ಇಲ್ಲ, ಮೈ ಒಣಗಿದಂಗ ಸಣ್ಣಗ ಆಗಿತ್ತು. ಭಾಳ ಬ್ಯಾಸರ ಆತ್ರಿ. ಉಳಿದ ಆರಕ್ಕ ಹಂಗ ಆಗಬಾರದು. ಮೊಲಿ ಇರ್ತಾವ ಅನ್ನೋದು ಖರೇ ಏನು? ಎಷ್ಟು ದಿನ ಹಿಡೀತೈತಿ?

ರಾಯಚೂರು_ಹಳೇಟ್ಯಾಂಕ್:
ಖರೇನೇ ಅದ ತಮ್ಮಾ. ಮೊಲಿ ಮೂಲತಃ ಮೆಕ್ಸಿಕೋ ಕಡಿ ಮೀನು, ಅಲ್ಲಿ ನದಿ ಸಮುದ್ರ ಕೂಡೋ ಜಾಗದಾಗೂ ಇರ್ತಾವ, ಹಿಂಗಾಗಿ ಎರಡೂ ನೀರು ತಡ್ಕೊಳ್ಳೋ ಶಕ್ತಿ ಅವಕ್ಕ ಅದ. ಆದ್ರ ಕವರ್ ತೇಲಿಸಿದ್ರ ಬಿಸಿ ತಂಪು ಅಷ್ಟೇ ಸರಿ ಹೋಗ್ತದ, ಉಪ್ಪಿಗೆ ಮೈ ತಯಾರಾಗಂಗಿಲ್ಲ.

ಯಾಕ ಸತ್ತವು ಅಂದ್ರ, ಹೆಚ್ಚಿದ ಮಾವಿನಕಾಯಿಗೆ ಉಪ್ಪು ಹಚ್ಚಿಟ್ರ ನೀರು ಬಿಡ್ತದಲ್ಲ, ಅದೇ ಲೆಕ್ಕ. ಮೀನಿನ ರಕ್ತದಾಗ ಉಪ್ಪಿನ ಅಂಶ ಲೀಟರ್‌ಗೆ ಹೆಚ್ಚುಕಮ್ಮಿ 10 ಗ್ರಾಂ, ಸಮುದ್ರದ ನೀರಿನಾಗ 35. ಸಿಹಿನೀರಾಗ ಇದ್ದಾಗ ನೀರು ತಾನಾಗೇ ಮೈಯೊಳಗ ನುಗ್ತಿರ್ತದ, ಮೀನು ಕುಡಿಯೋದು ಭಾಳ ಕಮ್ಮಿ, ಮೂತ್ರ ಮಾಡಿ ಮಾಡಿ ಹೊರಗ ಹಾಕ್ತದ. ಉಪ್ಪುನೀರಾಗ ಉಲ್ಟಾ, ಮೈಯಾಗಿನ ನೀರು ಹೊರಗ ಹೋಗ್ತದ, ಅದಕ್ಕ ಮೀನು ಉಪ್ಪುನೀರೇ ಕುಡಿದು ಉಪ್ಪನ್ನ ಕಿವಿರಿನಿಂದ ಹೊರಗ ತಳ್ಳಬೇಕು. ಆ ಕೆಲಸ ಮಾಡೋ ಜೀವಕೋಶ ಕಿವಿರಿನಾಗ ತಯಾರಾಗಾಕ ದಿನಗಟ್ಲೆ ಬೇಕು, ನೀನು ಅರ್ಧ ತಾಸು ಕೊಟ್ಟೀ.

ಹಂಗಾಗಿ ಮೀನು ಹಳೇ ಟ್ಯಾಂಕ್‌ನಾಗೇ ಇರ್ಲಿ, ಅಲ್ಲೇ ಉಪ್ಪು ಏರಿಸ್ತಾ ಹೋಗು. ಗಿಡ ಇದ್ರ ಮೊದಲು ತಗಿ, ಉಪ್ಪಿಗೆ ಸತ್ತು ಕೊಳೀತಾವ. ದಿನಾ ಎರಡು ಲೀಟರ್ ನೀರು ಟ್ಯಾಂಕ್‌ನಿಂದ ಬಕೆಟ್‌ಗೆ ತಗಿ, ಅದರಾಗ 100 ಗ್ರಾಂ ಮರೈನ್ ಉಪ್ಪು (ಮರೈನ್ ಟ್ಯಾಂಕ್‌ಗೆ ಅಂತ ಸಿಗೋ ಪ್ಯಾಕೆಟ್ ಉಪ್ಪು) ಪೂರ್ತಿ ಕರಗಿಸು, ಒಂದು ತಾಸಿನ ಮ್ಯಾಲೆ ಸ್ವಲ್ಪ ಸ್ವಲ್ಪ ವಾಪಸ್ ಸುರಿ. ಮೀನಿನ ಮ್ಯಾಲೆ ನೇರ ಉಪ್ಪು ಉದುರಿಸಬ್ಯಾಡ. ಹಿಂಗ ಲೀಟರ್‌ಗೆ ದಿನಕ್ಕ 2 ಗ್ರಾಂ ಏರ್ತದ, ಐದು ದಿನಕ್ಕ 10. ಅಲ್ಲೀತನಕ ಮೀನಿಗೆ ತ್ರಾಸಿಲ್ಲ, ಅದರ ರಕ್ತ ಹೊರಗಿನ ನೀರು ಸರಿಸಮ. ಮುಂದ ಐತಿ ನೋಡು ಖರೇ ಪರೀಕ್ಷೆ. ಅಲ್ಲಿಂದ ದಿನಕ್ಕ 50 ಗ್ರಾಂ ಮಾತ್ರ, 35 ಮುಟ್ಟಾಕ ಇನ್ನೂ 25 ದಿನ. ಅವಸರ ಮಾಡಬ್ಯಾಡ, ನಾನು ಹೋದ ಸಲ ಅರ್ಧ ದಾರ್ಯಾಗ ಬ್ಯಾಸತ್ತು ಎರಡು ಪಟ್ಟು ಹಾಕಿ ಮೂರು ಮೀನು ಕಳಕೊಂಡೀನಿ, ಇವತ್ತಿಗೂ ಮನಸ್ಸಿಗೆ ಹತ್ತಿ ಅದ.

ಮರೈನ್ ಉಪ್ಪೇ ಆಗ್ಬೇಕು. ಅಡಗಿ ಉಪ್ಪು, ಕಲ್ಲುಪ್ಪು ಎರಡೂ ಬರೇ ಸೋಡಿಯಂ ಕ್ಲೋರೈಡ್, ಸಮುದ್ರದ ನೀರಿನಾಗ ಮೆಗ್ನೀಷಿಯಂ ಕ್ಯಾಲ್ಸಿಯಂ ಎಲ್ಲ ಇರ್ತಾವ. ತೂಕ ಅಂದಾಜಿಗಷ್ಟೇ, ಪ್ಯಾಕೆಟ್ ಉಪ್ಪಿನಾಗ ತೇವ ಇರ್ತದ, ನೀರಿನಾಗಿನ ಉಪ್ಪು ಅಳೆಯೋ ರಿಫ್ರಾಕ್ಟೋಮೀಟರ್ ತಗೊಂಡು ದಿನಾ ಒಂದು ಹನಿ ಹಾಕಿ ನೋಡು. ಅದನ್ನೂ ಮೊದಲು ಆರ್‌ಓ ನೀರಿಟ್ಟು ಸೊನ್ನಿಗೆ ಸೆಟ್ ಮಾಡು.

ಬಳ್ಳಾರಿ_ಅಕ್ವಾ:
ಹಳೇಟ್ಯಾಂಕ್ ಅಣ್ಣ ಹೇಳಿದ್ದು ಸರಿ ಐತೆ, ಆದ್ರೆ ಬ್ರೋ ನಮ್ ಕಡೆ ಬಿಸಿಲು ಮರೀಬ್ಯಾಡ. ಏಪ್ರಿಲ್ ಮೇದಾಗ 40 ದಾಟ್ತೈತೆ, ನೀರು ಆವಿ ಆಗ್ತೈತೆ ಆದ್ರೆ ಉಪ್ಪು ಅಲ್ಲೇ ಉಳೀತೈತೆ, ಎರಡು ಬೆರಳು ನೀರು ಇಳಿದ್ರೂ ನೀನು ಹಾಕಿದ ಲೆಕ್ಕ ತಪ್ಪಿ ಹೋಗ್ತೈತೆ. ಗಾಜಿಗೆ ಪೆನ್ನಿನಾಗ ಗೆರೆ ಹಾಕು, ಇಳಿದಷ್ಟನ್ನ ಆರ್‌ಓ ನೀರಿಂದ ತುಂಬು, ಉಪ್ಪುನೀರಿಂದ ಅಲ್ಲ. ಬೋರ್ ನೀರು ತುಂಬಿದ್ರೆ ಅದರ ಗಡಸುತನ ದಿನಾ ಕೂಡ್ತಾ ಹೋಗ್ತೈತೆ. ಇನ್ನೊಂದು, ಬಿಸಿ ನೀರಾಗ ಆಮ್ಲಜನಕ ಕಮ್ಮಿ, ಉಪ್ಪು ಕೂಡಿದ್ರೆ ಇನ್ನೂ ಕಮ್ಮಿ, ಏರ್ ಪಂಪ್ ಯಾವತ್ತೂ ನಿಲ್ಲಿಸ್ಬ್ಯಾಡ, ಕರೆಂಟ್ ಹೋದ್ರೆ ಅಂತ ಬ್ಯಾಟರಿ ಪಂಪ್ ಒಂದು ಇಟ್ಕೋ. ಮತ್ತೆ ಉಪ್ಪು ಏರಿದಂಗೆ, ಮೀನಿನ ಹೊಲಸಿನಿಂದ ಬರೋ ಅಮೋನಿಯ ವಿಷ ತೆಗೆಯೋ ಫಿಲ್ಟರ್ ಬ್ಯಾಕ್ಟೀರಿಯಾಕ್ಕೂ ಪೆಟ್ಟು ಬೀಳ್ತೈತೆ, ಅಮೋನಿಯ ಟೆಸ್ಟ್ ಎರಡು ದಿನಕ್ಕೊಮ್ಮೆ ಮಾಡು, ಊಟ ಕಮ್ಮಿ ಹಾಕು. ರೆಕ್ಕೆ ಮುಚ್ಕೊಂಡು ನಿಂತಲ್ಲೇ ಮೈ ನಡುಗಿಸಿದ್ರೆ ಉಪ್ಪು ಏರಿಸೋದು ನಿಲ್ಲಿಸು, ಎರಡು ದಿನ ಬಿಟ್ಟು ನೋಡು.

ಗಂಗಾವತಿ_ಮೊಲಿ:
ಇಷ್ಟು ಬಿಡಿಸಿ ಹೇಳಿದ್ದಕ್ಕ ಭಾಳ ಥ್ಯಾಂಕ್ಸ್ ಅಣ್ಣಾರ. ಉಪ್ಪು ಹಾಕಾಕ ಇವತ್ತಿಂದ ಸುರು ಮಾಡ್ತೀನಿ. ತಂಗಿ ಗೋಲ್ಡ್‌ಫಿಶ್‌ನೂ ಹಿಂಗ ಮಾಡೋಣ ಅಂತಾಳ, ಆಗ್ತೈತೇನು?

ರಾಯಚೂರು_ಹಳೇಟ್ಯಾಂಕ್:
ಆಗಂಗಿಲ್ಲಪ್ಪಾ, ಅದನ್ನ ಮುಟ್ಟಬ್ಯಾಡ್ರಿ. ಗೋಲ್ಡ್‌ಫಿಶ್, ಟೆಟ್ರಾ, ಕೋರಿಡೋರಸ್ ಇವೆಲ್ಲ ಸಿಹಿನೀರಿನವು, ಎಷ್ಟು ನಿಧಾನ ಮಾಡಿದ್ರೂ ಸಮುದ್ರದ ಉಪ್ಪು ತಡೆಯಂಗಿಲ್ಲ. ಗಪ್ಪಿ ತಡೀತಾವ, ಅವೂ ಮೊಲಿ ಬಳಗದವೇ. ತಂಗಿಗೆ ಗಪ್ಪಿ ಕೊಡಿಸು.

ಗಂಗಾವತಿ_ಮೊಲಿ:
ಇವತ್ತಿಗೆ 19 ದಿನ ಆತ್ರಿ, ಮೀಟರ್‌ನಾಗ 24 ತೋರ್ಸಾಕತ್ತೈತಿ. 14ನೇ ದಿನ ಒಂದು ಮೊಲಿ ರೆಕ್ಕೆ ಮುಚ್ಕೊಂಡು ಮೂಲ್ಯಾಗ ನಿಂತಿತ್ತು, ಅಮೋನಿಯ ನೋಡಿದ್ರ ಸ್ವಲ್ಪ ಇತ್ತು, ಅಷ್ಟೇ ಉಪ್ಪಿನ ನೀರು ರೆಡಿ ಮಾಡಿ ಕಾಲು ಭಾಗ ಬದಲಿಸಿದೆ, ಮರುದಿನ ಊಟಕ್ಕ ಬಂತು. ಆರೂ ಚಲೋ ಅದಾವು, ಮುಂಜಾನಿ ನೋಡಿದ್ರ ಒಂದು ಮರಿ ಹಾಕೈತಿ, ಹನ್ನೊಂದು ಎಣಿಸೀನಿ. ಮರಿ ಇದ್ದಾಗ ಉಪ್ಪು ಏರಿಸಬಹುದೇನು, ಇಲ್ಲಾ ಒಂದು ವಾರ ತಡೀಲಾ?

ರಾಯಚೂರು_ಹಳೇಟ್ಯಾಂಕ್:
ಓದಿ ಭಾಳ ಖುಷಿ ಆತು ತಮ್ಮಾ! ಮರಿ ಆ ನೀರಾಗೇ ಹುಟ್ಟ್ಯಾವ, ಅವಕ್ಕ ಅದೇ ರೂಢಿ. ಆದ್ರೂ ಮೂರು ದಿನ ತಡಿ, ಹೆತ್ತ ತಾಯಿ ಸುಧಾರಿಸ್ಕೊಳ್ಳಲಿ, ಆಮ್ಯಾಲೆ ಅದೇ 50 ಗ್ರಾಂ. ಮರಿಗಳನ್ನ ಬ್ಯಾರೆ ಜಾಳಿಗ್ಯಾಗ ಇಡು, ದೊಡ್ಡವು ತಿಂದುಬಿಡ್ತಾವ.