ಸಿಗ್ನಲ್‌ನಲ್ಲಿ ಎಂಜಿನ್ ಬಂದ್ ಮಾಡಿದರೆ ಪೆಟ್ರೋಲ್ ಉಳಿಯುತ್ತದೆಯೇ?

ಪ್ರಶ್ನೆ (ಚೆಂಬೂರು, ಮುಂಬಯಿ)
ನನ್ನದು 1.2 ಲೀಟರ್ ಎಂಜಿನ್ನಿನ, ಬಿಎಸ್6 (ಹೊಗೆ ನಿಯಂತ್ರಣದ ಮಾನದಂಡ) ಪೆಟ್ರೋಲ್ ಕಾರು. ಚೆಂಬೂರಿನಿಂದ ಬಿಕೆಸಿಯ (ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್) ಕಚೇರಿಗೆ ಹೋಗುವಾಗ ದೊಡ್ಡ ಸಿಗ್ನಲ್‌ಗಳಲ್ಲಿ ಒಂದೂವರೆ ನಿಮಿಷ ನಿಲ್ಲಬೇಕಾಗುತ್ತದೆ. ಅಷ್ಟಕ್ಕೆಲ್ಲ ಎಂಜಿನ್ ಬಂದ್ ಮಾಡಬಾರದು, ಮತ್ತೆ ಚಾಲೂ ಮಾಡುವಾಗ ಉಳಿಸಿದ್ದಕ್ಕಿಂತ ಹೆಚ್ಚು ಪೆಟ್ರೋಲ್ ಕುಡಿಯುತ್ತದೆ ಎಂಬುದು ಮಾವನವರ ವಾದ. ಇದು ನಿಜವೇ? ಎಂಜಿನ್ ಚಾಲೂ ಮಾಡುವ ಸೆಲ್ಫ್ ಮೋಟರ್ ಬೇಗ ಹಾಳಾಗುವುದಿಲ್ಲವೇ?

ಉತ್ತರ 1
ಕಾರ್ಬ್ಯುರೇಟರ್ (ಪೆಟ್ರೋಲನ್ನು ಗಾಳಿಯೊಡನೆ ಬೆರೆಸುವ ಹಳೆಯ ಸಾಧನ) ಕಾಲಕ್ಕೆ ತಮ್ಮ ಮಾವನವರ ಮಾತು ಸಲ್ಲುತ್ತಿತ್ತು. ಚೋಕ್ ಎಳೆದು, ಆಕ್ಸಿಲರೇಟರನ್ನು ಎರಡು ಸಲ ಒತ್ತಿ ಗಾಡಿ ಎಬ್ಬಿಸುತ್ತಿದ್ದಾಗ ಬೇಕಿಲ್ಲದ ಪೆಟ್ರೋಲೂ ಒಳಗೆ ಹೋಗುತ್ತಿತ್ತು. ಈಗಿನ ಇಂಜೆಕ್ಷನ್ ಎಂಜಿನ್ನಿನಲ್ಲಿ ಎಷ್ಟು ಬೇಕೋ ಅಷ್ಟನ್ನೇ ಇಸಿಯು (ಎಂಜಿನ್ನಿನ ಕಂಪ್ಯೂಟರ್) ಅಳೆದು ಕೊಡುವುದರಿಂದ, ಬಿಸಿಯಾಗಿರುವ ಎಂಜಿನ್ ಮತ್ತೆ ಚಾಲೂ ಆಗಲು ಸುಮಾರು 10 ಸೆಕೆಂಡು ನಿಂತಲ್ಲೇ ಓಡಿದಷ್ಟು ಇಂಧನವೂ ಬೇಕಾಗುವುದಿಲ್ಲ.

ತಮ್ಮಂಥ ಎಂಜಿನ್ ಎಸಿ ಇಲ್ಲದೆ ನಿಂತಲ್ಲೇ ಓಡಿದರೆ ಗಂಟೆಗೆ ಸುಮಾರು 0.7 ಲೀಟರ್ ಸುಡುತ್ತದೆ ಎಂದುಕೊಳ್ಳಿ. ಒಂದೂವರೆ ನಿಮಿಷಕ್ಕೆ 17-18 ಮಿಲಿಲೀಟರ್ ಆಯಿತು, ಮತ್ತೆ ಚಾಲೂ ಮಾಡಲು ಹೆಚ್ಚೆಂದರೆ 2 ಮಿಲಿಲೀಟರ್. ಎಸಿ ಹಾಕಿದ್ದರೆ ಕಂಪ್ರೆಸರಿನ ಹೊರೆಯೂ ಸೇರಿ ವ್ಯತ್ಯಾಸ ಇನ್ನೂ ಹೆಚ್ಚುತ್ತದೆ.

ಉತ್ತರ 2 (ಠಾಣೆ)
ಲೆಕ್ಕ ಸರಿಯಾಗಿದೆ, ಆದರೆ ಘೋಡ್‌ಬಂದರ್ ರಸ್ತೆಯಲ್ಲಿ ನಾಲ್ಕು ಮಾರು ಮುಂದೆ ಸರಿದು ನಿಲ್ಲುವಾಗಲೆಲ್ಲ ಕೀಲಿ ತಿರುಗಿಸುತ್ತ ಕುಳಿತರೆ ಪ್ರಯೋಜನವಿಲ್ಲ. ತಾನಾಗಿ ನಿಂತು ಚಾಲೂ ಆಗುವ ಕಾರುಗಳಿಗೆ ಅದಕ್ಕೆಂದೇ ಗಟ್ಟಿಯಾದ ಸೆಲ್ಫ್ ಮತ್ತು ಬೇರೆ ಬಗೆಯ ಬ್ಯಾಟರಿ ಇರುತ್ತವೆ. ಸಾಧಾರಣ ಕಾರಿಗೆ ಅವು ಇರುವುದಿಲ್ಲ. ಸಿಗ್ನಲ್ಲಿನಲ್ಲಿ ಉಳಿದ ಸೆಕೆಂಡುಗಳ ಅಂಕಿ ಮೂವತ್ತಕ್ಕಿಂತ ಹೆಚ್ಚಿದ್ದರೆ ಮಾತ್ರ ಬಂದ್ ಮಾಡುವುದು ನನ್ನ ರೂಢಿ, ಹಾಗೆ ಮಾಡುವುದರಿಂದ ಸೆಲ್ಫ್ ಮೋಟರಿಗೆ ಅಂಥ ಹೊರೆಯೇನೂ ಬೀಳದು.

ಮಳೆಗಾಲದ ಮಾತು ಬೇರೆ. ವೈಪರ್, ಹೆಡ್‌ಲೈಟ್, ಬ್ಲೋವರ್ ಮೂರೂ ಬ್ಯಾಟರಿಯನ್ನೇ ಹೀರುತ್ತಿರುತ್ತವೆ, ಎಸಿ ನಿಂತ ಸ್ವಲ್ಪ ಹೊತ್ತಿಗೆ ಮುಂದಿನ ಗಾಜು ಒಳಗಿನಿಂದ ಮಂಜಾಗಿಬಿಡುತ್ತದೆ. ಆಗ ಎಂಜಿನ್ ಓಡುತ್ತಿರಲಿ. ಫ್ಲೈಓವರಿನ ಇಳಿಜಾರಿನಲ್ಲಿ ಗಾಡಿ ಉರುಳುತ್ತಿರುವಾಗಂತೂ ಬಂದ್ ಮಾಡಲೇಬಾರದು: ಬ್ರೇಕ್ ಒತ್ತಲು ಬಲ ಕೊಡುವ ಬ್ರೇಕ್ ಬೂಸ್ಟರಿನ ನೆರವು ಬೇಗನೆ ತೀರಿ ಪೆಡಲ್ ಕಲ್ಲಾಗುತ್ತದೆ, ಸ್ಟಿಯರಿಂಗೂ ಬಿಗಿಯಾಗುತ್ತದೆ.

ಪ್ರಶ್ನೆ ಕೇಳಿದವರು
ಇಬ್ಬರಿಗೂ ಧನ್ಯವಾದಗಳು. ಬೆಳಿಗ್ಗೆ ಹೊರಡುವ ಮುನ್ನ ಐದು ನಿಮಿಷ ಎಂಜಿನ್ ಬಿಸಿ ಮಾಡುವ ಪದ್ಧತಿಯೂ ನಮ್ಮಲ್ಲಿದೆ. ಅದನ್ನೂ ಬಿಡಬಹುದೇ?

ಉತ್ತರ 3 (ಪುಣೆ)
ಧಾರಾಳವಾಗಿ ಬಿಡಿ. ಮುಂಬಯಿಯ ಹವೆಯಲ್ಲಿ ಅರ್ಧ ನಿಮಿಷ ಸಾಕು. ನಿಧಾನವಾಗಿ ಓಡಿಸುತ್ತ ಹೋದರೆ ಎಂಜಿನ್ ಇನ್ನೂ ಬೇಗ ಬಿಸಿಯಾಗುತ್ತದೆ. ನನ್ನದು ಟರ್ಬೋ (ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಸಾಧನ) ಇರುವ ಡೀಸೆಲ್ ಗಾಡಿಯಾದ್ದರಿಂದ ಖಂಡಾಲಾ ಘಾಟು ಏರಿ ಲೋಣಾವಳದಲ್ಲಿ ಚಹಾಕ್ಕೆ ನಿಂತಾಗ ಮಾತ್ರ ಒಂದು ನಿಮಿಷ ಓಡಲು ಬಿಡುತ್ತೇನೆ, ಏಕೆಂದರೆ ತಕ್ಷಣ ನಿಲ್ಲಿಸಿದರೆ ಎಣ್ಣೆಯ ಹರಿವು ನಿಂತು, ಕಾದ ಟರ್ಬೋದೊಳಗೆ ಉಳಿದ ಎಣ್ಣೆ ಸುಟ್ಟು ಕರಿಗಟ್ಟುತ್ತದೆ.