ಗಿಟಾರ್ ಕಂಟ್ರೋಲರ್: ಲ್ಯಾಪ್‌ಟಾಪಲ್ಲಿ ಸರಿ, ಟೀವಿಗೆ ಹಾಕಿದ್ರೆ ಎಲ್ಲಾ ಮಿಸ್! ಏನ್ ಮಾಡೋದು?

ತುಂಗಾತೀರ (ಶಿವಮೊಗ್ಗ)

ನಮಸ್ಕಾರ. ಡಲ್ಲಾಸಲ್ಲಿರೋ ನಮ್ಮಕ್ಕ ಈ ಸಲ ಬರುವಾಗ ಸೂಟ್‌ಕೇಸಲ್ಲಿ ಎರಡು ಗಿಟಾರ್ ಕಂಟ್ರೋಲರ್ ತಂದಳು (ತಂತಿ ಬದಲು ಐದು ಬಟನ್ ಇರೋ ವಿಡಿಯೋ ಗೇಮ್ ಗಿಟಾರ್, ಪರದೆ ಮೇಲಿನ ಬಣ್ಣದ ಉಂಡೆ ಗೆರೆ ಮುಟ್ಟಿದಾಗ ಬಟನ್ ಒತ್ತಿ ಪಟ್ಟಿ ಮೀಟಬೇಕು). ಅವಳ ಮಕ್ಕಳು ಕಾಲೇಜಿಗೆ ಹೋದ್ಮೇಲೆ ಗ್ಯಾರೇಜಲ್ಲಿ ಸುಮ್ನೆ ಬಿದ್ದಿದ್ವಂತೆ. ಬಿಳೀದು ಗಿಟಾರ್ ಹೀರೋ 2 ಅನ್ನೋ ಆಟದ ಜೊತೆ ಬಂದಿದ್ದು, ಯುಎಸ್‌ಬಿ ವೈರ್ ಇದೆ. ಕಪ್ಪು ಗಿಟಾರ್ ಹೀರೋ 3ರದ್ದು, ವೈರ್‌ಲೆಸ್. ಎರಡೂ ಎಕ್ಸ್‌ಬಾಕ್ಸ್ 360 ಅನ್ನೋ ಗೇಮ್ ಡಬ್ಬಿದು. ನಮ್ಮನೇಲಿ ಎಕ್ಸ್‌ಬಾಕ್ಸ್ ಇಲ್ಲ, ಹಾಗಾಗಿ ಲ್ಯಾಪ್‌ಟಾಪಿಗೆ ಕ್ಲೋನ್ ಹೀರೋ (ಅದೇ ಥರದ ಪೀಸಿ ಆಟ) ಹಾಕ್ಕೊಂಡ್ವಿ. ಬಿಳಿ ಗಿಟಾರ್ ಚುಚ್ಚಿದ ತಕ್ಷಣ ಕೆಲಸ ಮಾಡ್ತು. ಮಗ (4ನೇ ಕ್ಲಾಸು) ಮೀಡಿಯಂವರೆಗೂ ಬಂದಿದ್ದಾನೆ, ನಾನಿನ್ನೂ ಈಸೀಲೇ ಇದ್ದೀನಿ.

ತೊಂದರೆ ಶುರುವಾಗಿದ್ದು ಹಾಲಿನ ಟೀವಿಗೆ ಎಚ್‌ಡಿಎಂಐ ಹಾಕಿ, ಸೌಂಡು ಬ್ಲೂಟೂತ್ ಸೌಂಡ್‌ಬಾರಿಗೆ ಕೊಟ್ಟಾಗ. ಹಸಿರು ಉಂಡೆ ಗೆರೆ ಮುಟ್ಟಿದಾಗಲೇ ಮೀಟಿದ್ರೂ ಮಿಸ್. ಹಾಡು ಕೇಳ್ಕೊಂಡು ಮೀಟಿದ್ರೂ ಮಿಸ್. ಕಪ್ಪು ಗಿಟಾರಂತೂ ಲ್ಯಾಪ್‌ಟಾಪಿನ ಬ್ಲೂಟೂತ್ ಪಟ್ಟಿಯಲ್ಲಿ ಕಾಣಿಸ್ತಾನೇ ಇಲ್ಲ. ಅಕ್ಕ ಮುಂದಿನ ಸಲ ಅವರ ಹಳೇ ಎಕ್ಸ್‌ಬಾಕ್ಸನ್ನೇ ತಂದುಬಿಡ್ತೀನಿ ಅಂತಾಳೆ, ತರಿಸ್ಕೊಳ್ಳಲಾ?

ಜೊತೆಗೆ ಇನ್ನೊಂದು. ಮಗ ಭಾನುವಾರ ಗಿಟಾರ್ ಕ್ಲಾಸಿಗೂ ಹೋಗ್ತಾನೆ. ಮೇಷ್ಟ್ರು ಇದನ್ನ ಕೇಳಿ "ಕೈ ಕೆಡುತ್ತೆ, ಎತ್ತಿಡಿ ಮೇಲೆ" ಅಂದ್ರು. ನಿಜಾನಾ?

ಪಾಪಣ್ಣ_ಪಿಕ್ಸೆಲ್

ಟೀವಿ ಸೆಟ್ಟಿಂಗಲ್ಲಿ ಗೇಮ್ ಮೋಡ್ (ಚಿತ್ರ ತಡವಾಗೋದನ್ನ ಕಡಿಮೆ ಮಾಡೋದು) ಆನ್ ಮಾಡಿ ಮೇಡಂ. ಎಚ್‌ಡಿಎಂಐ 1, 2 ಎಲ್ಲದಕ್ಕೂ ಬೇರೆ ಬೇರೆ ಸೆಟ್ಟಿಂಗ್ ಇರುತ್ತೆ, ಲ್ಯಾಪ್‌ಟಾಪ್ ಇರೋದಕ್ಕೇ ಮಾಡಿ.

ಸಂಕೇಶ್ವರದಾಂವ

ಅಕ್ಕಾರ, ಪಾಪಣ್ಣ ಹೇಳಿದ್ದು ಖರೇ, ಆದ್ರ ಅದು ಎರಡನೇ ಕೆಲಸ. ಮೊದಲ ಆ ಬ್ಲೂಟೂತ್ ಸೌಂಡ್‌ಬಾರ್ ಬಂದ್ ಮಾಡ್ರಿ. ಬ್ಲೂಟೂತ್‌ನ್ಯಾಗ ಸೌಂಡು ಕಟ್ಟಿ, ಕಳಿಸಿ, ಆ ಕಡೆ ಬಿಚ್ಚೂದ್ರಾಗ ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತ ಜಾಸ್ತಿನ ತಡ ಆಗತೈತಿ, ಕೆಲವೊಮ್ಮೆ ಅದರ ಎರಡು ಪಟ್ಟು. ಸಿನಿಮಾ ನೋಡೂಮುಂದ ಗೊತ್ತಾಗೂದಿಲ್ಲ, ಯಾಕಂದ್ರ ಪ್ಲೇಯರ್ ಚಿತ್ರಾನೂ ಅಷ್ಟ ಹಿಂದಕ ತಳ್ಳತೈತಿ. ಈ ಆಟದಾಗ ಹಂಗ ನಡ್ಯಾಂಗಿಲ್ಲ. ಉಂಡಿ ಗೆರಿ ಮುಟ್ಟೂಕಿಂತ ಒಂದೀಟ ಮೊದಲ, ಒಂದೀಟ ಆಮ್ಯಾಲ ಮೀಟಿದ್ರ ಒಪ್ಪತೈತಿ. ಆ ಒಂದೀಟ ಅನ್ನೂದು ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತ ಕಡಿಮಿ. ಅಂದ್ರ ನಿಮ್ಮ ಸೌಂಡ್‌ಬಾರ್ ಒಂದ ಸಾಕು ನಿಮ್ಮನ್ನ ಹೊರಗ ಹಾಕಾಕ.

ಕ್ಯಾಲಿಬ್ರೇಶನ್, ಅಂದ್ರ ಎಷ್ಟು ತಡ ಐತಿ ಅಂತ ಆಟಕ್ಕ ತಿಳಿಸಿ ಹೊಂದಸೂದು, ಮಾಡಿದ್ರ ಆತಲ್ಲ ಅಂತೀರಿ. ಅರ್ಧ ಆಗತೈತಿ. ನೀವು ತಪ್ಪಿದ್ರ ಆಟ ಗಿಟಾರಿನ ಟ್ರ್ಯಾಕ್ ಒಂದ ಮ್ಯೂಟ್ ಮಾಡತೈತಿ, ಡ್ರಮ್ಮು, ಹಾಡು ನಡದಿರತಾವ. ಆ ಮೌನ ಕೇಳೇ ನಮ್ಮ ಕೈ ತಿದ್ದಿಕೊಳ್ಳೂದು. ಬ್ಲೂಟೂತ್‌ನ್ಯಾಗ ಆ ಮೌನಾನೂ ತಡವಾಗಿ ಬರತೈತಿ, ಅಷ್ಟೊತ್ತಿಗೆ ನೀವು ಮುಂದಿನ ನೋಟಿನ ಮ್ಯಾಲ ಇರತೀರಿ, ಸರಿ ಮೀಟಿದ್ದನ್ನ ತಪ್ಪು ಅಂದ್ಕೊಂಡು ಅದನ್ನೂ ಕೆಡಿಸತೀರಿ. ಅದಕ್ಕ ಲ್ಯಾಪ್‌ಟಾಪಿನ ಹೆಡ್‌ಫೋನ್ ತೂತಿನಿಂದ ಸೌಂಡ್‌ಬಾರಿನ ಆಕ್ಸ್ ತೂತಿಗೆ ಒಂದು ವಾಯರ್ ಎಳೀರಿ. ಆಮ್ಯಾಲ ಗೇಮ್ ಮೋಡ್. ಇವೆರಡೂ ಆದಮ್ಯಾಲ ಕ್ಯಾಲಿಬ್ರೇಶನ್. ಉಲ್ಟಾ ಮಾಡಿದ್ರ ಮತ್ತ ಮೊದಲಿಂದ ಶುರು.

ಕಪ್ಪು ಗಿಟಾರಿಗೆ ಬ್ಲೂಟೂತ್ ಇಲ್ಲರಿ, ಎಷ್ಟು ಹುಡುಕಿದ್ರೂ ಸಿಗಾಂಗಿಲ್ಲ. ಎಕ್ಸ್‌ಬಾಕ್ಸ್ 360ರ ವಾಯರ್‌ಲೆಸ್ ಮೈಕ್ರೋಸಾಫ್ಟ್‌ನವರ ಸ್ವಂತದ್ದು. ಅದಕ್ಕಂತನ ಪೀಸಿಗೆ ಹಚ್ಚೂ ಯುಎಸ್‌ಬಿ ರಿಸೀವರ್ ಬೇಕು. ಅಕ್ಕಾವ್ರಿಗೆ ಹೇಳಿ ಅದನ್ನ ತರಸ್ರಿ, ಡಬ್ಬಿ ಬ್ಯಾಡ. ಅಲ್ಲಿಯ 360ಗಳ ಪವರ್ ಇಟ್ಟಂಗಿ (ಅಡಾಪ್ಟರ್) ಹೆಚ್ಚಾಗಿ 100ರಿಂದ 127 ವೋಲ್ಟಿಂದು, ನಮ್ಮ 230ಕ್ಕ ಹಚ್ಚಿದ್ರ ಹೊಗಿ ನೋಡಬೇಕಾಗತೈತಿ.

ರಿಸೀವರ್ ಬಂದಮ್ಯಾಲೂ ಕಪ್ಪಿನ್ಯಾಗ ಬಟನ್ ತಾವಾಗೇ ಬಿಟ್ಟಬಿಟ್ಟು ಹತ್ತಾಕತ್ತಿದ್ರ ಗಾಬರಿ ಆಗಬ್ಯಾಡ್ರಿ. ಆ ಲೆಸ್ ಪಾಲ್ ಮಾದರೀದ ಕುತಗಿ ಬಿಚ್ಚಾಕ ಬರತೈತಿ. ಬುಡದಾಗ ಸಣ್ಣ ತಾಮ್ರದ ಪಟ್ಟಿ ಅದಾವ, ವಯಸ್ಸಾದಂಗ ಮಾಸತಾವ. ಬ್ಯಾಟರಿ ತಗದು, ಐಸೋಪ್ರೊಪೈಲ್ ಆಲ್ಕೋಹಾಲ್ ಹತ್ತಿಗೆ ಹಚ್ಚಿ ಒರಸ್ರಿ, ಪೂರ್ತಿ ಒಣಗಿದಮ್ಯಾಲ ಕೂಡಸ್ರಿ.

ಗಿಟಾರ್ ಹೀರೋ ಆಟ ಶುರು ಮಾಡಿದ್ದು ಹಾರ್ಮೋನಿಕ್ಸ್ ಕಂಪನಿಯವರು, 2005ರಾಗ. ಮೂರನೇದು ನೆವರ್‌ಸಾಫ್ಟ್‌ನವರ ಕೈಗೆ ಹೋತು, ಹಾರ್ಮೋನಿಕ್ಸ್‌ನವರು ರಾಕ್ ಬ್ಯಾಂಡ್ ಅನ್ನೂ ಇನ್ನೊಂದು ಆಟ ಕಟ್ಟಿದ್ರು. ವರ್ಷಕ್ಕ ಎಷ್ಟೋ ಪ್ಲಾಸ್ಟಿಕ್ ತುರುಕಿ ಮಂದಿಗೆ ಬ್ಯಾಸರಾ ಮಾಡಿ, 2011ರಾಗ ಆಟ ಮಾರತಿದ್ದ ಆಕ್ಟಿವಿಷನ್ ಕಂಪನಿ ಗಿಟಾರ್ ಹೀರೋ ಅಂಗಡಿ ಮುಚ್ಚಿತು. ಆಮ್ಯಾಲ 2015ಕ್ಕ ಒಂದು ತಂದ್ರು, ಬಟನ್ ಜೋಡಣಿನ ಬ್ಯಾರೆ, ಎರಡು ಸಾಲಿನ್ಯಾಗ ಮೂರು ಮೂರು. ನಿಮ್ಮಂಥ ಐದು ಬಟನ್ನಿನ ಹಳೇ ಗಿಟಾರಿಗೆ ಈಗ ಬೆಲೆ ಬಂದೈತಿ, ಯಾರಿಗೂ ಸುಮ್ನ ಕೊಡಬ್ಯಾಡ್ರಿ. 2024ರಾಗ ಪಿಡಿಪಿ ರಿಫ್‌ಮಾಸ್ಟರ್ ಅಂತ ಹೊಸಾ ಗಿಟಾರ್ ಬಂತು, ಆವಾಗ ಅಲ್ಲೇ 130 ಡಾಲರ್ ಇತ್ತು.

ನಮ್ಮ ಕಾಲಕ್ಕ ಹುಬ್ಬಳ್ಳಿ ಹಾಸ್ಟೆಲ್‌ನ್ಯಾಗ ಇದ್ಯಾವುದೂ ಇರಲಿಲ್ಲ. ಫ್ರೆಟ್ಸ್ ಆನ್ ಫೈರ್ ಅಂತ ಫಿನ್ಲೆಂಡ್‌ನವರ ಪುಕ್ಕಟ ಆಟ, 2006ದ್ದು. ಕೀಬೋರ್ಡ್ ಎರಡೂ ಕೈಯಿಂದ ಎತ್ತಿ ಗಿಟಾರಿನಂಗ ಹಿಡಿಯೂದು, ಎಫ್1ರಿಂದ ಎಫ್5 ಎಡಗೈ ಬೆರಳಿಗೆ, ಮೀಟಾಕ ಎಂಟರ್. ನನ್ನ ರೂಮ್‌ಮೇಟ್ ಎಂಟರ್ ಬಡದ ಜೋರಿಗೆ ಆ ಕೀ ಕೆಳಗಿನ ರಬ್ಬರ್ ಹರದು, ಸೆಮಿಸ್ಟರ್ ಪೂರ್ತಿ ಸಿ ಪ್ರೋಗ್ರಾಮ್ ಬರಿಯೂಮುಂದ ಬಾಜೂಕಿನ ನಂಬರ್ ಪ್ಯಾಡಿನ ಎಂಟರೇ ಗತಿ.

ಆರನೇ ತಂತಿ

ಮೇಷ್ಟ್ರ ಮಾತಿಗೆ ನಾನು ಉತ್ತರ ಕೊಡ್ತೀನಿ. ನಾನೂ ಮೈಸೂರಲ್ಲಿ ಮಕ್ಕಳಿಗೆ ಗಿಟಾರ್ ಹೇಳಿಕೊಡ್ತೀನಿ. ಕೈ ಏನೂ ಕೆಡಲ್ಲ. ಬೆರಳ ತುದಿ ಗಟ್ಟಿಯಾಗಲ್ಲ, ಕಾರ್ಡ್ ಬರಲ್ಲ, ಸ್ವರದ ಪರಿಚಯ ಆಗಲ್ಲ, ಅಷ್ಟು ನಿಜ. ಆದ್ರೆ ಎಡಗೈ ಒತ್ತೋದಕ್ಕೂ ಬಲಗೈ ಮೀಟೋದಕ್ಕೂ ಹೊಂದಿಕೆ ಬರೋದೇ ಮೊದಲ ವರ್ಷದ ಕಷ್ಟ, ಅದು ಇಲ್ಲಿ ನಗ್ತಾ ನಗ್ತಾ ಬರುತ್ತೆ. ಬೆರಳು ನಾಲ್ಕು, ಬಟನ್ ಐದು. ಹಾರ್ಡಿಗೆ ಹೋದಾಗ ಕಿತ್ತಳೆ ಬಟನ್ ಬರುತ್ತೆ, ಆಗ ಇಡೀ ಕೈ ಜಾರಿಸಲೇಬೇಕು. ಆ ಜಾರಿಸೋದನ್ನ ನೋಡದೇ ಮಾಡೋಕೆ ಕಲಿತ ಹುಡುಗನಿಗೆ ನಿಜವಾದ ಗಿಟಾರಲ್ಲಿ ಪೊಸಿಷನ್ ಬದಲಿಸೋದು ಹೇಳಿಕೊಡೋದು ನನಗೆ ಸುಲಭ.

ಒಂದು ಎಚ್ಚರಿಕೆ ಮಾತ್ರ: ಕ್ಲೋನ್ ಹೀರೋಲಿ ಹ್ಯಾಮರ್-ಆನ್ ಅಂದ್ರೆ ಮೀಟದೇ ಬಟನ್ ಒತ್ತೋದು. ಮಕ್ಕಳು ಅದಕ್ಕೆ ಒಗ್ಗಿ ಕ್ಲಾಸಲ್ಲಿ ತಂತಿ ಮೇಲೆ ಬೆರಳು ಸುಮ್ನೆ ಮುಟ್ಟಿಸಿ ಸದ್ದು ಬರಲಿಲ್ಲ ಅಂತಾರೆ. ನಿಜವಾದ ಗಿಟಾರನ್ನೇ ಕೇಬಲ್ ಹಾಕಿ ಆಡೋದು ಬೇಕಿದ್ರೆ ಯೂಬಿಸಾಫ್ಟ್‌ನ ರಾಕ್‌ಸ್ಮಿತ್ ಇದೆ, 2011ರಿಂದ. ಅದು ಅಭ್ಯಾಸ, ಇದು ಆಟ. ನಾಲ್ಕನೇ ಕ್ಲಾಸಿಗೆ ಆಟ ಸಾಕು.

ತುಂಗಾತೀರ

ಸಂಕೇಶ್ವರದಣ್ಣ, ಆಕ್ಸ್ ವೈರ್ ಹಾಕಿದ್ದೇ ತಡ ಮುಕ್ಕಾಲು ಸರಿಹೋಯ್ತು. ಗೇಮ್ ಮೋಡ್ ಆಮೇಲೆ ಉಳಿದಿದ್ದೂ ಸರಿ. ಎಕ್ಸ್‌ಬಾಕ್ಸ್ ಬೇಡ, ರಿಸೀವರ್ ತಾ ಅಂತ ಅಕ್ಕಂಗೆ ಮೆಸೇಜ್ ಮಾಡಿದೆ. ಕನ್ನಡ ಹಾಡು ಹಾಕ್ಕೋಬಹುದಾ? ಮಗಂಗೆ ಇಂಗ್ಲಿಷ್ ರಾಕ್ ಒಂದೂ ಗೊತ್ತಿಲ್ಲ, ಆದ್ರೂ ಆಡ್ತಾನೆ ಪಾಪ.

ಪಾಪಣ್ಣ_ಪಿಕ್ಸೆಲ್

ಮೂನ್‌ಸ್ಕ್ರೇಪರ್ ಅನ್ನೋ ಎಡಿಟರಲ್ಲಿ ನೀವೇ ನೋಟ್ಸ್ ಜೋಡಿಸಬಹುದು. ಈಗಿನ ಸಿನಿಮಾ ಹಾಡು ಹೆಚ್ಚಿನವು ಕಂಪ್ಯೂಟರಲ್ಲೇ ಕಟ್ಟಿದ್ದು, ವೇಗ ಒಂದೇ ಸಮ, ಒಂದ್ಸಲ ಬಿಪಿಎಂ (ನಿಮಿಷಕ್ಕೆ ಎಷ್ಟು ಬೀಟ್ ಅನ್ನೋದು) ಕೊಟ್ರೆ ಕೊನೇವರೆಗೂ ಕೂರುತ್ತೆ. ರಾಜ್‌ಕುಮಾರ್ ಕಾಲದ ಹಾಡು ಮುಟ್ಟೋಕೆ ಹೋಗಿ ನೋಡಿ! ವಾದ್ಯಗಾರರೆಲ್ಲ ಒಟ್ಟಿಗೆ ಕೂತು ನುಡಿಸಿದ್ದು, ಚರಣಕ್ಕೆ ಬಂದಾಗ ವೇಗ ಸ್ವಲ್ಪ ಏರುತ್ತೆ, ಪಲ್ಲವಿಗೆ ಇಳಿಯುತ್ತೆ. ಆವರ್ತಕ್ಕೊಂದು ಸಲ ಬಿಪಿಎಂ ಸರಿಸ್ತಾ ಕೂರಬೇಕು. ಮತ್ತೆ ಗಿಟಾರ್ ಬೇರೆ ಟ್ರ್ಯಾಕಲ್ಲಿ ಸಿಗಲ್ಲ, ಹಾಗಾಗಿ ತಪ್ಪಿದಾಗ ಅದೊಂದೇ ಮ್ಯೂಟ್ ಆಗೋ ಮಜಾ ಇರಲ್ಲ.

ತುಂಗಾತೀರ

ಹೊಸ ಹಾಡೇ ನೋಡ್ತೀನಿ ಹಾಗಾದ್ರೆ. ಕೊನೇ ಪ್ರಶ್ನೆ, ಬೈಕೋಬೇಡಿ. ಮೀಟೋ ಪಟ್ಟಿ ಟಕ್ ಟಕ್ ಅನ್ನುತ್ತೆ, ಅತ್ತೆಗೆ ಧಾರಾವಾಹಿ ಕೇಳಿಸಲ್ವಂತೆ. ಕಡಿಮೆ ಮಾಡ್ಬಹುದಾ?

ಸಂಕೇಶ್ವರದಾಂವ

ಒಳಗ ಮೈಕ್ರೋಸ್ವಿಚ್ ಅದಾವ ಅಕ್ಕಾರ, ಅವು ಹಂಗ ಮಾಡೂವ. ರಾಕ್ ಬ್ಯಾಂಡಿನ ಗಿಟಾರ್ ಮೆತ್ತಗ ಇರತಾವ, ಆದ್ರ ಕೈಗೆ ಅಷ್ಟು ಖಾತ್ರಿ ಅನಸೂದಿಲ್ಲ. ಧಾರಾವಾಹಿ ಮುಗಿಯೂತನಾ ಹೆಡ್‌ಫೋನ್ ಹಾಕ್ಕೊಂಡು ಒಳಗಿನ ಖೋಲಿಯಾಗ ಲ್ಯಾಪ್‌ಟಾಪ್ ಮ್ಯಾಲ ಆಡ್ರಿ. ವಾಯರಿಂದ ಹೆಡ್‌ಫೋನ್ ಮತ್ತ, ಬ್ಲೂಟೂತ್ ಬ್ಯಾಡ.